ಹಳೆಯ ಕಾರಿನ ಟೇಪಿನಲ್ಲಿ ಫೋನಿನ ಹಾಡು

ನಮ್ಮ ಸದಸ್ಯರಲ್ಲಿ ಹಳೆಯ ಕಾರನ್ನು ಜೋಪಾನವಾಗಿ ಇಟ್ಟುಕೊಂಡಿರುವವರು ಹಲವರಿದ್ದಾರೆ. ಎಂಜಿನು ಚೆನ್ನಾಗಿದೆ, ಓಡಾಟ ಕಡಮೆ, ಮಾರಿದರೆ ಬರುವ ಹಣ ಅತ್ಯಲ್ಪ. ಹೀಗಿರುವಾಗ ಬಿಡುವುದೇಕೆ ಎಂಬುದು ಅವರ ವಾದ. ವಾದವೇನೋ ಸರಿ. ತೊಡಕು ಬರುವುದು ಹಾಡಿನ ವಿಷಯದಲ್ಲಿ. ಕಾರಿನಲ್ಲಿರುವುದು ಕ್ಯಾಸೆಟ್ಟಿನ ಟೇಪು. ಕ್ಯಾಸೆಟ್ಟುಗಳೋ ಬೂಷ್ಟು ಹಿಡಿದಿವೆ. ಇಲ್ಲವೆ ಮಗನೋ ಮೊಮ್ಮಗಳೋ ಅವುಗಳಲ್ಲಿದ್ದ ದೇವರನಾಮ, ತಾಳಮದ್ದಳೆ, ನಾಟಕದ ಪದಗಳನ್ನೆಲ್ಲ ಫೋನಿಗೆ ಇಳಿಸಿಕೊಟ್ಟಿದ್ದಾರೆ. ಅದನ್ನು ಕಾರಿನ ಸ್ಪೀಕರಿನಲ್ಲಿ ಕೇಳುವುದು ಹೇಗೆ ಎಂದು ಅಂಗಡಿಯಲ್ಲಿ ವಿಚಾರಿಸಿದರೆ ಸಿಕ್ಕುವ ಉತ್ತರ ಬಹುಮಟ್ಟಿಗೆ ಒಂದೇ: “ಹಳೆಯದನ್ನು ಕಿತ್ತು ಹೊಸದು ಹಾಕಿಸಿ.” ಅದು ಅವರ ವ್ಯಾಪಾರ. ನಾವು ಅಷ್ಟು ಅವಸರ ಪಡಬೇಕಾದ್ದಿಲ್ಲ. ಸಾವಿರಾರು ರೂಪಾಯಿಯ ಕೆಲಸವನ್ನು ಕೆಲವು ನೂರರಲ್ಲಿ ಮುಗಿಸುವ ದಾರಿಗಳುಂಟು.

ಮೊದಲು ಮಾಡತಕ್ಕದ್ದು ಪೇಟೆಗೆ ಹೋಗುವುದಲ್ಲ; ಕಾರಿನಲ್ಲಿ ಕುಳಿತು ಸ್ಟೀರಿಯೋದ ಮುಖವನ್ನು ನಿಧಾನವಾಗಿ ನೋಡುವುದು. ಹೆಸರುಕಾಳು ಹಿಡಿಸುವಷ್ಟು ದುಂಡನೆಯ ರಂಧ್ರವೊಂದಿದ್ದು, ಪಕ್ಕದಲ್ಲಿ ‘ಆಕ್ಸ್’ ಎಂದು ಬರೆದಿದ್ದರೆ ಕೆಲಸ ಮುಗಿದಂತೆಯೇ. ಎರಡು ತುದಿಗೂ 3.5 ಮಿಲಿಮೀಟರಿನ ಪಿನ್ನು ಇರುವ ವೈರು ಒಂದಿದ್ದರೆ ಸಾಕು. ಪಿನ್ನಿನ ಮೇಲೆ ಎರಡು ಕಪ್ಪು ಗೆರೆಗಳಿರುತ್ತವೆ. ತುದಿಯ ಭಾಗ ಎಡಗಡೆಯ ಸ್ಪೀಕರಿಗೆ, ನಡುವಿನ ಉಂಗುರ ಬಲಗಡೆಯದಕ್ಕೆ, ಬುಡ ಎರಡಕ್ಕೂ ಸೇರಿದ ಅರ್ತು. ಮೂರು ಗೆರೆಯಿದ್ದರೆ ನಾಲ್ಕನೆಯ ಭಾಗ ಮೈಕಿನದು. ಕಾರಿಗೆ ಅದು ಬೇಡ. ಈಚಿನ ಹಲವು ಫೋನುಗಳಲ್ಲಿ ಈ ರಂಧ್ರವೇ ಇರುವುದಿಲ್ಲ. ಆಪಲ್ ಕಂಪೆನಿ 2016ರ ಐಫೋನಿನಿಂದ ಅದನ್ನು ತೆಗೆಯಿತು, ಉಳಿದವರಲ್ಲಿ ಹಲವರು ಹಿಂಬಾಲಿಸಿದರು. ಅಂಥ ಫೋನಿದ್ದರೆ ಚಾರ್ಜಿನ ಬಾಯಿಗೆ ಸೇರುವ ಗೇಣುದ್ದದ ತುಂಡು ವೈರೊಂದನ್ನು ಹೆಚ್ಚಾಗಿ ಕೊಳ್ಳಬೇಕು. ಬ್ಲೂಟೂತಿನ ಚಿಕ್ಕ ರಿಸೀವರನ್ನು ಆಕ್ಸಿಗೆ ಸಿಕ್ಕಿಸಿದರೂ ಆದೀತು. ಅದನ್ನು ಆಗಾಗ ಚಾರ್ಜು ಮಾಡುವ ಉಪದ್ರವವಿದೆ, ಅಷ್ಟೆ.

ಒಂದು ಮಾತು ಎಲ್ಲ ವಿಧಾನಗಳಿಗೂ ಸಲ್ಲುತ್ತದೆ. ಫೋನಿನ ದನಿಯನ್ನು ಮುಕ್ಕಾಲಿನ ಮೇಲೆ ಇಟ್ಟು, ಹೆಚ್ಚು ಕಡಮೆಯನ್ನು ಕಾರಿನ ಗುಂಡಿಯಿಂದ ಮಾಡಬೇಕು. ಫೋನಿನಲ್ಲಿ ತಗ್ಗಿಸಿ ಕಾರಿನಲ್ಲಿ ಏರಿಸಿದರೆ ಹಾಡಿನೊಡನೆ ಸೊರ್ರೆನ್ನುವ ಸದ್ದೂ ಏರುತ್ತದೆ. ಹಾಡು ಒಡೆದಂತೆ ಕೇಳಿದರೆ ಮಾತ್ರ ಫೋನನ್ನು ಸ್ವಲ್ಪ ಇಳಿಸಬೇಕು.

ಆಕ್ಸ್ ಇಲ್ಲ, ಕ್ಯಾಸೆಟ್ಟಿನ ಬಾಯಿ ಇದೆ ಎಂದಾದರೆ ಅದನ್ನು ಅದೃಷ್ಟವೆಂದೇ ತಿಳಿಯಬೇಕು. ಕ್ಯಾಸೆಟ್ ಅಡಾಪ್ಟರ್ ಎಂಬ ಸಾಧನವಿದೆ. ನೋಡಲು ಕ್ಯಾಸೆಟ್ಟಿನಂತೆಯೇ ಇದ್ದು, ಒಂದು ಅಂಚಿನಿಂದ ತೆಳುವಾದ ವೈರು ಹೊರಟು ಪಿನ್ನಿನಲ್ಲಿ ಮುಗಿಯುತ್ತದೆ. ಫಿಲಿಪ್ಸ್ ಕಂಪೆನಿಯವರು 1963ರಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ಕ್ಯಾಸೆಟ್ಟನ್ನು ಮುಂದಿಟ್ಟರು. ಉಳಿದವರೂ ಅದೇ ಅಳತೆಯನ್ನು ಒಪ್ಪಿಕೊಂಡರು. ಆದುದರಿಂದ ಯಾವ ದೇಶದ ಕಾರಿನ ಟೇಪಿಗಾದರೂ ಒಂದೇ ಅಡಾಪ್ಟರು ಕೂರುತ್ತದೆ.

ಇದು ಕೆಲಸ ಮಾಡುವ ಬಗೆ ಸೊಗಸಾದುದು. ಮಾಮೂಲು ಕ್ಯಾಸೆಟ್ಟಿನಲ್ಲಿ 3.81 ಮಿಲಿಮೀಟರು ಅಗಲದ ಪಟ್ಟಿ ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಸರಿಯುತ್ತದೆ. ಪಟ್ಟಿಗೆ ಅಂಟಿಸಿದ ಸೂಕ್ಷ್ಮ ಕಣಗಳಲ್ಲಿ ಹಾಡು ಅಯಸ್ಕಾಂತದ ರೂಪದಲ್ಲಿ ಅಡಗಿದೆ. ಅದು ಟೇಪಿನ ಹೆಡ್ಡಿನ ಮುಂದೆ ಹಾದುಹೋಗುವಾಗ ಹೆಡ್ಡಿನೊಳಗಿನ ತಂತಿಯ ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ; ಅದನ್ನೇ ಹಿಗ್ಗಿಸಿ ಸ್ಪೀಕರಿಗೆ ಕಳುಹಿಸುತ್ತಾರೆ. ಅಡಾಪ್ಟರಿನಲ್ಲಿ ಪಟ್ಟಿಯೇ ಇಲ್ಲ. ಪಟ್ಟಿ ಇರಬೇಕಾದ ಜಾಗದಲ್ಲಿ ಇನ್ನೊಂದು ಹೆಡ್ಡು, ಟೇಪಿನ ಹೆಡ್ಡಿಗೆ ಮುಖಾಮುಖಿಯಾಗಿ ಕೂತಿದೆ. ಫೋನಿನಿಂದ ಬಂದ ವಿದ್ಯುತ್ತು ಈ ಹೆಡ್ಡಿನ ಸುರುಳಿಯಲ್ಲಿ ಹರಿದು, ಹಾಡಿಗೆ ತಕ್ಕಂತೆ ಏರಿಳಿಯುವ ಅಯಸ್ಕಾಂತ ಕ್ಷೇತ್ರವನ್ನು ಉಂಟುಮಾಡುತ್ತದೆ. ಎದುರಿನ ಹೆಡ್ಡಿಗೆ ಬೇಕಾದದ್ದು ಅಷ್ಟೇ. ಬಂದದ್ದು ಪಟ್ಟಿಯಿಂದಲೋ ಇನ್ನೊಂದು ಸುರುಳಿಯಿಂದಲೋ ಎಂದು ಅದಕ್ಕೆ ತಿಳಿಯದು.

ಹಾಗಾದರೆ ಅಡಾಪ್ಟರಿನೊಳಗೆ ಹಲ್ಲಿನ ಚಕ್ರಗಳೇಕೆ? ಟೇಪಿನ ಯಂತ್ರವನ್ನು ನಂಬಿಸುವುದಕ್ಕೆ. ಸುರುಳಿ ತಿರುಗುವುದು ನಿಂತರೆ ಪಟ್ಟಿ ಮುಗಿಯಿತೆಂದು ತಿಳಿದು ಯಂತ್ರವು ಮಗ್ಗುಲು ಬದಲಿಸುತ್ತದೆ, ಇಲ್ಲವೆ ಕ್ಯಾಸೆಟ್ಟನ್ನು ಹೊರಕ್ಕೆ ದೂಡುತ್ತದೆ. ಚಕ್ರಗಳು ಸುಮ್ಮನೆ ತಿರುಗುತ್ತ ಹಾಡು ನಡೆದಿದೆಯೆಂಬ ಭ್ರಮೆಯನ್ನು ಉಳಿಸುತ್ತವೆ. ಹಾಕಿದ ಕೂಡಲೇ ಅಡಾಪ್ಟರು ಹೊರಬೀಳುತ್ತಿದ್ದರೆ ದೋಷ ಬಹುಶಃ ಈ ಚಕ್ರಗಳದು. ಬೇರೆಯದನ್ನು ಹಾಕಿ ನೋಡಿ. ನಿಜವಾದ ಕ್ಯಾಸೆಟ್ಟೂ ಹೊರಬೀಳುತ್ತಿದ್ದರೆ ಟೇಪಿನ ರಬ್ಬರು ಬೆಲ್ಟು ಸಡಿಲವಾಗಿರಬಹುದು. ಅದನ್ನು ಬದಲಿಸುವ ಕಸುಬುದಾರರು ಕಡಮೆಯಾಗುತ್ತಿದ್ದರೂ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚ್ಚಿ ಸ್ಟ್ರೀಟಿನಂಥ ಕಡೆ ವಿಚಾರಿಸಿ ನೋಡಬಹುದು. ದನಿ ಮಂಕಾಗಿದ್ದರೆ, ಇಲ್ಲವೆ ಒಂದೇ ಕಡೆಯಿಂದ ಬರುತ್ತಿದ್ದರೆ, ಹೆಡ್ಡಿನ ಮೇಲೆ ವರ್ಷಗಳ ಕೊಳೆ ಕುಳಿತಿದೆ ಎಂದರ್ಥ. ಕಡ್ಡಿಗೆ ಹತ್ತಿ ಸುತ್ತಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಒರಸಬೇಕು. ಡಾಲ್ಬಿ ಎಂಬ ಗುಂಡಿ ಇದ್ದರೆ ಅದನ್ನು ಆರಿಸಿಡಿ. ಇಲ್ಲದಿದ್ದರೆ ತಾಳದ ಝಣತ್ಕಾರವೆಲ್ಲ ಉಡುಗಿಹೋಗುತ್ತದೆ.

ಕ್ಯಾಸೆಟ್ಟಿನ ಬಾಯಿಯೂ ಇಲ್ಲದೆ ಬರೀ ರೇಡಿಯೋ ಇರುವವರಿಗೆ ಎಫ್.ಎಂ. ಟ್ರಾನ್ಸ್‌ಮಿಟರ್ ಉಂಟು. ಸಿಗರೇಟು ಲೈಟರಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಅದೊಂದು ಪುಟ್ಟ ಬಾನುಲಿ ಕೇಂದ್ರವಾಗುತ್ತದೆ. ಫೋನಿನ ಹಾಡನ್ನು ಕೆಲವೇ ಅಡಿಗಳವರೆಗೆ ಬಿತ್ತರಿಸುತ್ತದೆ, ಕಾರಿನ ರೇಡಿಯೋ ಹಿಡಿದುಕೊಳ್ಳುತ್ತದೆ. ಕೇಳಲು ಸುಲಭ, ಆದರೆ ದೊಡ್ಡ ಊರುಗಳಲ್ಲಿ ನನಗೆ ಇದರ ಮೇಲೆ ಅಷ್ಟು ವಿಶ್ವಾಸವಿಲ್ಲ. ಮುಂಬಯಿಯಲ್ಲಿ 91.1, 93.5, 98.3 ಹೀಗೆ ಸಾಲಾಗಿ ನಿಲಯಗಳಿವೆ. ನಡುವೆ ಖಾಲಿ ಜಾಗ ಹುಡುಕಿ ಕೂರಿಸಿದರೂ ಪಕ್ಕದ ನಿಲಯದ ಜಾಹೀರಾತು ಕೀರ್ತನೆಯ ನಡುವೆ ನುಗ್ಗುತ್ತದೆ. ಎರಡು ಮಗ್ಗುಲೂ ಬರಿದಾಗಿರುವ ಜಾಗವನ್ನೇ ಆರಿಸಬೇಕು. ಊರಿಗೆ ಹೊರಟಾಗ ಇನ್ನೊಂದು ಫಜೀತಿ. ಮುಂಬಯಿಯಲ್ಲಿ ಖಾಲಿಯಿದ್ದ ಜಾಗ ಪುಣೆಯಲ್ಲಿ ಖಾಲಿಯಿರುತ್ತದೆಂಬ ಭರವಸೆಯಿಲ್ಲ. ಕೊಲ್ಹಾಪುರ, ಹುಬ್ಬಳ್ಳಿ ದಾಟುವಾಗ ಮತ್ತೆ ಹುಡುಕಬೇಕಾದೀತು. ಈ ಹುಡುಕಾಟವನ್ನು ಪಕ್ಕದಲ್ಲಿ ಕುಳಿತವರಿಗೆ ಬಿಡಿ, ಇಲ್ಲವೆ ಕಾರು ನಿಲ್ಲಿಸಿ ಮಾಡಿ. ಕೈಯಲ್ಲಿ ಫೋನು ಹಿಡಿದು ಕಾರು ನಡೆಸುವುದನ್ನು ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯು ಅಪಾಯಕಾರಿ ಚಾಲನೆಯ ಸಾಲಿಗೆ ಸೇರಿಸಿದೆ. ಖಂಬಾಟ್ಕಿ ಘಾಟಿನ ತಿರುವಿಗೆ ಕಾಯಿದೆಯ ಅಗತ್ಯವೂ ಇಲ್ಲ.

ಇನ್ನು ಬಹಳ ಜನರನ್ನು ಕಾಡುವ ಒಂದು ಸದ್ದಿನ ವಿಷಯ. ಫೋನನ್ನು ಆಕ್ಸಿಗೂ ಲೈಟರಿನ ಚಾರ್ಜರಿಗೂ ಒಟ್ಟಿಗೆ ಸೇರಿಸಿದಾಗ ಕುಂಯ್ ಎಂಬ ರಾಗವೊಂದು ಕೇಳುತ್ತದೆ. ಆಕ್ಸಿಲರೇಟರು ಒತ್ತಿದರೆ ಅದೂ ಏರುತ್ತದೆ. ಸ್ಪೀಕರು ಕೆಟ್ಟಿತೆಂದು ಹೇಳಿ ಸ್ಪೀಕರು ಬದಲಿಸುವವರಿದ್ದಾರೆ. ಅದು ಬರಿಯ ದಂಡ. ಫೋನು ಕಾರಿನ ಅರ್ತಿಗೆ ಎರಡು ದಾರಿಯಿಂದ, ಅಂದರೆ ಚಾರ್ಜರಿನ ಮೂಲಕ ಒಮ್ಮೆ, ಹಾಡಿನ ವೈರಿನ ಮೂಲಕ ಇನ್ನೊಮ್ಮೆ, ಸೇರಿದಂತಾಗಿ, ಬ್ಯಾಟರಿಯನ್ನು ತುಂಬಿಸುವ ಆಲ್ಟರ್ನೇಟರಿನ ಏರಿಳಿತ ಹಾಡಿನ ದಾರಿಗೆ ಹೊಕ್ಕಿದೆ, ಅಷ್ಟೆ. ಚಾರ್ಜರನ್ನು ಕಿತ್ತು ನೋಡಿ. ಸದ್ದು ನಿಂತರೆ ಕಾರಣ ಖಚಿತವಾಯಿತು. ‘ಗ್ರೌಂಡ್ ಲೂಪ್ ಐಸೊಲೇಟರ್’ ಎಂದು ಕೇಳಿದರೆ ಬೆಂಕಿಪೊಟ್ಟಣದಷ್ಟು ಗಾತ್ರದ ಡಬ್ಬಿ ಕೊಡುತ್ತಾರೆ. ಅದರೊಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರುಗಳಿವೆ. ಹಾಡು ದಾಟುತ್ತದೆ, ನೇರ ಸಂಪರ್ಕ ಕಡಿಯುತ್ತದೆ. ಹಾಡಿನ ವೈರಿನ ನಡುವೆ ಅದನ್ನು ಸೇರಿಸಿದರೆ ಮುಗಿಯಿತು.

ಇಷ್ಟಾದರೂ ಹೊಸ ಸ್ಟೀರಿಯೋವನ್ನೇ ಹಾಕಿಸುವಿರಾದರೆ ಕೂಡಿಸುವವನ ಕೈಯನ್ನು ಗಮನಿಸುತ್ತಿರಿ. ಮೂಲದ ಕನೆಕ್ಟರನ್ನು ಕತ್ತರಿಸಿ ತಂತಿಗೆ ತಂತಿ ಹೊಸೆದು ಇನ್ಸುಲೇಷನ್ ಟೇಪು ಸುತ್ತುವುದು ಹಲವರ ರೂಢಿ. ಬಿಸಿಲಿಗೆ ನಿಂತ ಕಾರಿನಲ್ಲಿ ಆ ಅಂಟು ಕರಗಿ ಟೇಪು ಬಿಚ್ಚಿಕೊಳ್ಳುತ್ತದೆ. ಬ್ಯಾಟರಿಯ ತಂತಿ ಲೋಹಕ್ಕೆ ತಾಗಿದರೆ, ಫ್ಯೂಸನ್ನೂ ತಪ್ಪಿಸಿ ಕೂಡಿಸಿದ್ದರೆ, ಬೆಂಕಿಗೆ ಬೇರೆ ಕಾರಣ ಬೇಕಿಲ್ಲ. ನಿಮ್ಮ ಕಾರಿಗೆ ಹೊಂದುವ ಕನೆಕ್ಟರನ್ನೇ ಕೊಂಡು ಕೂಡಿಸಲು ಹೇಳಿ. ಸಿಕ್ಕದಿದ್ದರೆ ಬೆಸುಗೆ ಹಾಕಿಸಿ, ಫ್ಯೂಸು ಇದೆಯೆಂದು ಕಣ್ಣಾರೆ ನೋಡಿಕೊಳ್ಳಿ. ಬಿಚ್ಚಿದ ಹಳೆಯ ಸ್ಟೀರಿಯೋವನ್ನು ಮನೆಗೆ ತನ್ನಿ. ಕೆಲವು ಕಾರುಗಳ ಸ್ಟೀರಿಯೋ ಬ್ಯಾಟರಿಯ ಸಂಪರ್ಕ ತಪ್ಪಿದರೆ ರಹಸ್ಯ ಸಂಖ್ಯೆ ಕೇಳುತ್ತದೆ. ಆ ಸಂಖ್ಯೆ ಕಾರಿನ ಪುಸ್ತಕದೊಡನೆ ಬಂದ ಚೀಟಿಯಲ್ಲಿರುತ್ತದೆ. ಬ್ಯಾಟರಿಯನ್ನು ಮುಟ್ಟುವ ಮೊದಲೇ ಅದನ್ನು ಹುಡುಕಿಟ್ಟುಕೊಳ್ಳಿ.