ವಕೀಲಳಾಗುವೆನೆಂದ ಮಗಳು

ಕಳೆದ ವರ್ಷ ಪಿ.ಯು.ಸಿ. ಫಲಿತಾಂಶ ಪ್ರಕಟವಾದ ವಾರ ತಂದೆಯೊಬ್ಬರು ಮಗಳನ್ನು ಕರೆದುಕೊಂಡು ಗುರುನಿವಾಸಕ್ಕೆ ಬಂದರು. ಹುಡುಗಿಗೆ ವಕೀಲಳಾಗುವ ಹಂಬಲ. ತಂದೆಗೆ ನರ್ಸಿಂಗ್‌ಗೆ ಸೇರಿಸುವ ಮನಸ್ಸು. "ಬಾಯಿ ತೆರೆದರೆ ಸುಳ್ಳು ಹೇಳಬೇಕಾದ ಕೆಲಸ ನಮಗೇಕೆ, ಫಾದರ್? ನೀವಾದರೂ ಇವಳಿಗೆ ಬುದ್ಧಿ ಹೇಳಿ" ಎಂದರು. ನಾವು ಎರಡು ದಿನಗಳ ಅವಕಾಶ ಕೇಳಿದೆವು.

ಈ ಶಂಕೆ ಇಂದಿನದಲ್ಲ. ಹದಿಮೂರನೆಯ ಶತಮಾನದಲ್ಲಿಯೇ ಸಂತ ಥಾಮಸ್ ಅಕ್ವಿನಾಸರು ತಮ್ಮ 'ಸುಮ್ಮಾ ಥಿಯೊಲಾಜಿಕಾ'ದಲ್ಲಿ ವಕೀಲರ ಧರ್ಮವನ್ನು ವಿಚಾರಿಸಿದ್ದಾರೆ. ಗುಣವಾಗದ ರೋಗಿಗೆ ವೈದ್ಯನು ಚಿಕಿತ್ಸೆ ನೀಡಿದರೆ ಯಾರಿಗೂ ಅನ್ಯಾಯವಾಗದು. ಆದರೆ ಅನ್ಯಾಯದ ದಾವೆಯೆಂದು ತಿಳಿದೂ ಅದನ್ನು ವಾದಿಸುವ ವಕೀಲನು ಎದುರು ಪಕ್ಷಕ್ಕೆ ಕೇಡು ಮಾಡುತ್ತಾನೆ, ಆದುದರಿಂದ ಅದು ಪಾಪ ಎನ್ನುತ್ತಾರೆ. ಮೊಕದ್ದಮೆಯ ನಡುವೆ ನಿಜ ತಿಳಿದರೆ? ವಕಾಲತ್ತನ್ನು ಬಿಡಬಹುದು, ಕಕ್ಷಿದಾರನನ್ನು ರಾಜಿಗೆ ಒಪ್ಪಿಸಬಹುದು. ಅವನ ಗುಟ್ಟನ್ನು ಮಾತ್ರ ಎದುರಾಳಿಗೆ ತಿಳಿಸಲಾಗದು. ಪಾಪನಿವೇದನೆ ಕೇಳುವ ನಮಗೆ ಈ ಕೊನೆಯ ಮಾತಿನ ಭಾರ ಗೊತ್ತು.

ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೂ ಸುಳ್ಳಿಗೆ ಪರವಾನಗಿ ಕೊಟ್ಟಿಲ್ಲ. ಅನುಚಿತ ಮಾರ್ಗಕ್ಕೆ ಹಟ ಹಿಡಿಯುವ ಕಕ್ಷಿದಾರನನ್ನು ಕೈಬಿಡಬೇಕು. ಗೆಲುವಿನಲ್ಲಿ ಪಾಲು ಗೊತ್ತುಮಾಡಿಕೊಂಡು ಶುಲ್ಕ ಪಡೆಯಬಾರದು. ಆದರೆ ಆರೋಪಿಯು ತಪ್ಪಿತಸ್ಥನೆಂದು ತನಗೆ ಅನಿಸಿದರೂ ವಕೀಲನು ಅವನ ಪರ ನಿಲ್ಲಬೇಕೆಂದು ಅದೇ ನಿಯಮಗಳು ಹೇಳುತ್ತವೆ. ಇದು ಅಕ್ವಿನಾಸರ ಮಾತಿಗೆ ವಿರುದ್ಧವೆಂದು ತೋರೀತು. ಸಂತರು ಹೇಳಿದ್ದು ಅರಿವಿನ ಮಾತು, ನಿಯಮ ಹೇಳುವುದು ಅನಿಸಿಕೆಯ ಮಾತು. ಅನಿಸಿಕೆಯ ಮೇಲೆ ಯಾರನ್ನೂ ಸೆರೆಮನೆಗೆ ಕಳುಹಿಸಲಾಗದು, ಸಾಕ್ಷ್ಯ ಬೇಕು.

ಎರಡು ದಿನಗಳ ಬಳಿಕ ಇದನ್ನೆಲ್ಲ ವಿವರಿಸಿದಾಗ ತಂದೆ ತಲೆದೂಗಿದರು. ಬಳಿಕ ತಗ್ಗಿದ ದನಿಯಲ್ಲಿ, "ಅನ್ನ ಯಾವಾಗ ಹುಟ್ಟುತ್ತದೆ, ಫಾದರ್?" ಎಂದರು. ಅವರ ನಿಜವಾದ ಭಯ ಇದು.

ಪಿ.ಯು.ಸಿ. ಬಳಿಕ ಐದು ವರ್ಷದ, ಇಲ್ಲವೇ ಪದವಿಯ ಬಳಿಕ ಮೂರು ವರ್ಷದ ಕಾನೂನು ವ್ಯಾಸಂಗ. ಅನಂತರ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಅಖಿಲ ಭಾರತ ವಕೀಲರ ಪರೀಕ್ಷೆ. ನೋಂದಣಿಗೆ ಸಾವಿರಾರು ರೂಪಾಯಿ ತೆರಬೇಕಾಗಿದ್ದ ಕಾಲವಿತ್ತು. ಕಾಯಿದೆಯಲ್ಲಿರುವ 750 ರೂಪಾಯಿಗಿಂತ, ಪರಿಶಿಷ್ಟ ಜಾತಿ ಪಂಗಡದವರಿಂದ 125 ರೂಪಾಯಿಗಿಂತ ಹೆಚ್ಚು ಪಡೆಯಬಾರದೆಂದು 2024ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಕಷ್ಟವಿರುವುದು ಅನಂತರ, ಹಿರಿಯ ವಕೀಲರ ಕೈಕೆಳಗಿನ ವರ್ಷಗಳಲ್ಲಿ. ಕಿರಿಯರಿಗೆ ತಿಂಗಳಿಗೆ ನಗರಗಳಲ್ಲಿ 20,000, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡಿರೆಂದು ಪರಿಷತ್ತು 2024ರಲ್ಲಿ ಹೇಳಿದ್ದು ಶಿಫಾರಸು ಮಾತ್ರ. ಹಗಲೆಲ್ಲ ನ್ಯಾಯಕ್ಕಾಗಿ ವಾದಿಸಿ ಸಂಜೆ ಕಿರಿಯರ ಕೈಗೆ ಬಸ್ಸಿನ ಖರ್ಚನ್ನಷ್ಟೇ ಇಡುವ ಹಿರಿಯರನ್ನು ನಾವು ಬಲ್ಲೆವು. ಓದು ಮುಗಿದೊಡನೆ ನ್ಯಾಯಾಧೀಶರ ಪರೀಕ್ಷೆ ಬರೆಯುವ ಆಸೆಯನ್ನೂ 2025ರ ಮೇ ತಿಂಗಳ ತೀರ್ಪು ಕಟ್ಟಿಹಾಕಿತು. ಮೂರು ವರ್ಷದ ವಕೀಲಿಕೆಯನ್ನು ಅದು ಕಡ್ಡಾಯಗೊಳಿಸಿತು.

ಇಷ್ಟಾದರೂ ನಾವು ಹುಡುಗಿಯ ಪರ ವಹಿಸಿದೆವು. ತಿರುವಾಂಕೂರಿನ ಸಿರಿಯನ್ ಕ್ರೈಸ್ತ ಹೆಣ್ಣುಮಕ್ಕಳಿಗೆ ತಂದೆಯ ಆಸ್ತಿಯಲ್ಲಿ ಸಮಪಾಲು ದೊರಕಿದ್ದು 1986ರಲ್ಲಿ, ಮೇರಿ ರಾಯ್ ಎಂಬ ತಾಯಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದುದರಿಂದ. ನಮ್ಮ ಮನೆಗಳಲ್ಲಿ ಇಂದಿಗೂ ಎಷ್ಟು ಸಹೋದರಿಯರು ಹಕ್ಕುಬಿಡುಗಡೆ ಪತ್ರವನ್ನು ಓದದೆಯೇ ಸಹಿ ಹಾಕುತ್ತಿದ್ದಾರೆ! ಪಾಲಿನ ಜಗಳಗಳು ನಮ್ಮ ಬಾಗಿಲಿಗೆ ಬರುವ ಹೊತ್ತಿಗೆ ಸಹಿ ಬಿದ್ದಾಗಿರುತ್ತದೆ. ಸಾಂತ್ವನದ ಹೊರತು ನಮ್ಮಲ್ಲಿ ಕೊಡಲು ಏನೂ ಇರುವುದಿಲ್ಲ.

"ಓದು ಐದು ವರ್ಷ, ಮೇಲೆ ಇನ್ನೂ ನಾಲ್ಕೈದು ವರ್ಷ ಸಾಕಬೇಕು" ಎಂದು ನಾವು ಮುಚ್ಚುಮರೆಯಿಲ್ಲದೆ ತಿಳಿಸಿದೆವು. ತಂದೆ ಬೆರಳು ಮಡಿಸಿ ಲೆಕ್ಕ ಹಾಕಿದರು. "ಅಷ್ಟರಲ್ಲಿ ಇವಳ ತಮ್ಮನ ಓದು ಮುಗಿದಿರುತ್ತದೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಪ್ರವೇಶಕ್ಕೆ ಯಾವ ಯಾವ ಕಾಗದಗಳು ಬೇಕೆಂದು ಮಗಳನ್ನು ಕೇಳಿದರು.