ಹಳೇ ಹಾರ್ಡ್ ಡಿಸ್ಕ್ ಗುಜರಿಗೆ ಹಾಕುವ ಮುನ್ನ ಜಂಪರ್ ನೋಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ವಖಾರಿ, ಕಿರಾಣಿ ಅಂಗಡಿಗಳ ಹಳೇ ಲೆಕ್ಕ ಇನ್ನೂ ಐಡಿಇ ಹಾರ್ಡ್ ಡಿಸ್ಕಲ್ಲೇ ಇರೋದುಂಟು. ಕಂಪ್ಯೂಟರ್ ಸತ್ತರೂ ಡಿಸ್ಕ್ ಬದುಕಿರಬಹುದು. ಅದೇ ಕಾಲದ ಇನ್ನೊಂದು ಡೆಸ್ಕ್‌ಟಾಪ್‌ಗೆ ಹಾಕಿ ನೋಡಿ. ಮಳೆಗಾಲದಲ್ಲಿ ಅಟ್ಟದ ಮೇಲಿದ್ದುದಾದರೆ ಮೊದಲು ಎರಡು ದಿನ ಒಣಜಾಗದಲ್ಲಿಡಿ.

ಕರೆಂಟ್ ವೈರ್ ಕಿತ್ತೇ ಕೈಹಾಕಿ. ಒಂದೇ ಪಟ್ಟಿ ಕೇಬಲ್‌ಗೆ ಎರಡು ಡಿಸ್ಕ್ ಹಾಕುವಾಗ ವಿಂಡೋಸ್ ಇರುವುದು ಮಾಸ್ಟರ್, ಹಳೇದು ಸ್ಲೇವ್. ಜಂಪರ್ ಎಲ್ಲಿ ಕೂರಬೇಕೆಂಬ ಚಿತ್ರ ಹೆಚ್ಚಾಗಿ ಡಿಸ್ಕಿನ ಲೇಬಲ್ ಮೇಲೇ ಇರುತ್ತೆ. ಎರಡೂ ಮಾಸ್ಟರ್ ಆದ್ರೆ ಬಯೋಸ್‌ಗೆ ಒಂದೂ ಕಾಣದೇ ಹೋಗಬಹುದು. ಜನ ‘ಡಿಸ್ಕ್ ಹೋಯ್ತು’ ಅಂತ ಕೈಬಿಡೋದು ಇಲ್ಲೇ. ಕೇಬಲ್ಲಿನ ಕೆಂಪು ಅಂಚು ಒಂದನೇ ಪಿನ್ ಕಡೆ, ಸಾಮಾನ್ಯವಾಗಿ ಪವರ್ ಸಾಕೆಟ್ ಪಕ್ಕಕ್ಕೆ. ಜೋರಾಗಿ ಒತ್ತಿದ್ರೆ ಪಿನ್ ಬಗ್ಗುತ್ತೆ.

‘ಫಾರ್ಮ್ಯಾಟ್ ಮಾಡಲೇ?’ ಅಂತ ವಿಂಡೋಸ್ ಕೇಳಿದರೆ ಬೇಡ ಅನ್ನಿ. ಫೈಲ್ ಕಂಡ ಕೂಡಲೇ ಲೆಕ್ಕದ ಫೋಲ್ಡರ್ ಪೆನ್‌ಡ್ರೈವ್‌ಗೆ ಹಾಕ್ಕೊಳ್ಳಿ.