ಸ್ಮಾರ್ಟ್ ಲಾಕ್: ದೋಷ ಬೀಗದ್ದೋ, ಬಾಗಿಲಿನದೋ?

ಸ್ಮಾರ್ಟ್ ಡೋರ್ ಲಾಕ್‌ನಲ್ಲಿ ಮುಖ್ಯವಾಗಿ ಇರುವುದು ಬ್ಯಾಟರಿಯಿಂದ ತಿರುಗುವ ಪುಟ್ಟ ಮೋಟಾರು, ಚೌಕಟ್ಟಿನೊಳಗೆ ಹೋಗಿ ಕೂರುವ ಉಕ್ಕಿನ ನಾಲಿಗೆ, ಮೋಟಾರಿಗೆ ಅಪ್ಪಣೆ ಕೊಡುವ ಸರ್ಕ್ಯೂಟ್ ಬೋರ್ಡು. ಬೆರಳಚ್ಚು, ಪಿನ್, ಕಾರ್ಡು, ಮೊಬೈಲ್ ಆಪ್ ಇವೆಲ್ಲ ಬಂದವರು ಮನೆಯವರೇ ಎಂದು ಆ ಬೋರ್ಡಿಗೆ ತಿಳಿಸುವ ಬೇರೆ ಬೇರೆ ದಾರಿಗಳು. ಕೆಲವು ಮಾದರಿಗಳಲ್ಲಿ ಮೋಟಾರೇ ನಾಲಿಗೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹಿಡಿಕೆ ಇರುವ ಹಲವು ಮಾದರಿಗಳಲ್ಲಿ ಅದು ಹಿಡಿಕೆಗೂ ನಾಲಿಗೆಗೂ ಕೊಂಡಿ ಕೂಡಿಸುತ್ತದೆ, ಅಷ್ಟೆ. ನಾಲಿಗೆ ಸರಿಯುವುದು ಮನುಷ್ಯನ ಕೈಬಲದಿಂದ.

ಹೊಸ ಲಾಕ್ ಕೂಡಿಸಿದ ದಿನ ಅದು ಕೆಲಸ ಮಾಡದಿದ್ದರೆ ಹೆಚ್ಚಿನವರು ಮೊದಲು ಮೊಬೈಲ್ ಕೈಗೆತ್ತಿಕೊಳ್ಳುತ್ತಾರೆ. ಆಪ್ ಅಳಿಸುತ್ತಾರೆ, ಮತ್ತೆ ಹಾಕುತ್ತಾರೆ, ಪಾಸ್‌ವರ್ಡ್ ಬದಲಿಸುತ್ತಾರೆ. ಇದು ಹಿಂದುಮುಂದಾದ ಕ್ರಮ. ಮರ, ಸೆಲ್ಲು, ತಂತಿ ಈ ಮೂರನ್ನು ನೋಡಿದ ಮೇಲೆ ಮೊಬೈಲಿನ ಸರದಿ ಬರಬೇಕು.

ಮೊದಲ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಬಾಗಿಲು ತೆರೆದಿಟ್ಟುಕೊಂಡೇ ಲಾಕ್ ಹಾಕಿ ತೆಗೆದು ನೋಡಬೇಕು. ತೆರೆದ ಬಾಗಿಲಲ್ಲಿ ನಾಲಿಗೆ ಸಲೀಸಾಗಿ ಹೊರಬಂದು ಒಳಹೋಗಿ, ಬಾಗಿಲು ಮುಚ್ಚಿದಾಗ ಮಾತ್ರ ತಡೆದು ನಿಂತರೆ ತಪ್ಪು ಲಾಕ್‌ನದಲ್ಲ. ನಾಲಿಗೆಗೂ ಚೌಕಟ್ಟಿನ ಲೋಹದ ಪಟ್ಟಿಯಲ್ಲಿರುವ ಕಿಂಡಿಗೂ ನೇರ ತಪ್ಪಿದೆ. ಎಲ್ಲಿ ತಪ್ಪಿದೆ ಎಂದು ತಿಳಿಯಲು ನಾಲಿಗೆಯ ತುದಿಗೆ ಸೀಮೆಸುಣ್ಣ ಬಳಿದು, ಬಾಗಿಲು ಮುಚ್ಚಿ ಲಾಕ್ ತಿರುಗಿಸಿದರೆ ಸಾಕು. ಅದು ಬಡಿಯುವ ಜಾಗದಲ್ಲಿ ಬಿಳಿ ಗುರುತು ಬೀಳುತ್ತದೆ. ಗುರುತು ಕಿಂಡಿಯ ಕೆಳಅಂಚಿನಲ್ಲಿದ್ದರೆ ಬಾಗಿಲು ಜಗ್ಗಿದೆ ಎಂದರ್ಥ. ಮೇಲಿನ ಹಿಂಜ್‌ನ ಸ್ಕ್ರೂ ಬಿಗಿ ಮಾಡಿದರೆ ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ. ಇಲ್ಲವಾದರೆ ಪಟ್ಟಿಯನ್ನು ಕೊಂಚ ಸರಿಸಬೇಕು, ಅಥವಾ ಕಿಂಡಿಯ ಅಂಚಿಗೆ ಅರ ಹಾಕಬೇಕು. ಕಿಂಡಿಯ ಹಿಂದೆ ಮರವನ್ನು ಸಾಕಷ್ಟು ಆಳಕ್ಕೆ ಕೊರೆಯದೆ ಬಿಟ್ಟಿರುವುದೂ ಉಂಟು. ಆಗ ನಾಲಿಗೆ ಪೂರ್ತಿ ಹೊರಬರಲಾರದೆ ಲಾಕ್ ಬೀಪ್ ಬೀಪ್ ಎನ್ನುತ್ತದೆ.

ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಈ ತೊಂದರೆಗೆ ಕಾಲದ ಲೆಕ್ಕವಿದೆ. ಮರ ತೇವ ಹೀರಿ ಉಬ್ಬುವುದು ಬಹುಪಾಲು ಅಡ್ಡಕ್ಕೆ, ಎಳೆಯ ಉದ್ದಕ್ಕೆ ಬಹಳ ಕಡಿಮೆ. ಹೀಗಾಗಿ ಮಾರ್ಚ್‌ನಲ್ಲಿ ಹಗುರಾಗಿ ಓಡಾಡುತ್ತಿದ್ದ ಬಾಗಿಲು ಜುಲೈ ಹೊತ್ತಿಗೆ ಚೌಕಟ್ಟಿಗೆ ಉಜ್ಜುತ್ತದೆ. ಕೈಯಿಂದ ತಿರುಗಿಸುವ ಹಳೆಯ ಬೀಗಕ್ಕೆ ಬಾಗಿಲನ್ನು ಭುಜದಿಂದ ಒತ್ತಿ ಸಹಾಯ ಮಾಡಬಹುದಿತ್ತು. ಮೋಟಾರಿಗೆ ಆ ಅನುಕೂಲ ಇಲ್ಲ. ಮಳೆಗಾಲದಲ್ಲೇ ಕೀಸುಳಿ ಹಿಡಿದು ಬಾಗಿಲಂಚನ್ನು ಧಾರಾಳವಾಗಿ ಕೆತ್ತಿಸುವುದು ಮಾತ್ರ ಸರಿಯಲ್ಲ. ಬೇಸಿಗೆಯಲ್ಲಿ ಮರ ಕುಗ್ಗಿದಾಗ ಸಂದು ದೊಡ್ಡದಾಗಿ, ಬಾಗಿಲು ಮುಚ್ಚಿದೆಯೇ ಎಂದು ನೋಡುವ ಅಯಸ್ಕಾಂತದ ಸೆನ್ಸರ್ ಕೂಡ ಗೊಂದಲಕ್ಕೆ ಬೀಳಬಹುದು. ಉಜ್ಜುವ ಜಾಗವನ್ನಷ್ಟೇ ಸ್ಯಾಂಡ್ ಪೇಪರ್‌ನಿಂದ ತಿಕ್ಕಿ, ಬರಿಮರ ಕಾಣುವ ಅಂಚಿಗೆ ವಾರ್ನಿಷ್ ಹಚ್ಚುವುದು ಲೇಸು.

ಬಾಗಿಲಿನ ಜಾತಿಯನ್ನು ಕೊಳ್ಳುವ ಮೊದಲೇ ನೋಡಿಕೊಂಡಿರಬೇಕು. ಈ ಲಾಕ್‌ಗಳು ಸಾಮಾನ್ಯವಾಗಿ ಸುಮಾರು 35ರಿಂದ 60 ಮಿಲಿಮೀಟರ್ ದಪ್ಪದ ಬಾಗಿಲಿಗೆಂದು ತಯಾರಾದವು. ನಿಖರವಾದ ಮಿತಿ ಮಾದರಿಯಿಂದ ಮಾದರಿಗೆ ಬೇರೆ. ಹಳೆಯ ಮನೆಗಳ ಕೆತ್ತನೆಯ ಹೆಬ್ಬಾಗಿಲು ಇದಕ್ಕಿಂತ ದಪ್ಪವಿರಬಹುದು, ಕೆತ್ತನೆಯ ಉಬ್ಬಿನ ಮೇಲೆ ಲಾಕ್‌ನ ತಟ್ಟೆ ಸಮವಾಗಿ ಕೂರದಿರಬಹುದು. ಜೋಡಿ ಕದದ ಬಾಗಿಲಾದರೆ ಒಂದು ಕದವನ್ನು ಮೇಲೂ ಕೆಳಗೂ ಚಿಲಕ ಹಾಕಿ ಅಲುಗದಂತೆ ನಿಲ್ಲಿಸದ ಹೊರತು ಇನ್ನೊಂದರ ನಾಲಿಗೆಗೆ ಭದ್ರವಾದ ನೆಲೆ ಸಿಗುವುದಿಲ್ಲ.

ಮುಂದಿನ ಸರದಿ ಸೆಲ್ಲುಗಳದ್ದು. ಬಹಳಷ್ಟು ಲಾಕ್‌ಗಳು ಎಎ ಅಳತೆಯ ನಾಲ್ಕು ಆಲ್ಕಲೈನ್ ಸೆಲ್‌ಗಳ ಮೇಲೆ ಓಡುತ್ತವೆ. ಒಂದೊಂದು 1.5 ವೋಲ್ಟ್, ಒಟ್ಟು 6 ವೋಲ್ಟ್. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಜಿಂಕ್ ಕಾರ್ಬನ್ ಸೆಲ್‌ನ ವೋಲ್ಟೇಜೂ ಅಷ್ಟೇ; ಆದರೆ ಮೋಟಾರು ತಿರುಗುವ ಗಳಿಗೆಯಲ್ಲಿ ಒಮ್ಮೆಲೇ ಬೇಕಾಗುವ ಕರೆಂಟನ್ನು ಅದು ಕೊಡಲಾರದು. ಕೀಪ್ಯಾಡ್ ಬೆಳಗುತ್ತದೆ, ಪಿನ್ ಒತ್ತಿದರೆ ಒಪ್ಪುತ್ತದೆ, ಮೋಟಾರು ಅಲುಗುವಷ್ಟರಲ್ಲಿ ಎಲ್ಲವೂ ಆರಿಹೋಗುತ್ತದೆ. ಈ ಲಕ್ಷಣ ಕಂಡರೆ ಸೆಲ್ ಬದಲಿಸದೆ ಬೇರೇನನ್ನೂ ಮುಟ್ಟಬಾರದು. ಮತ್ತೆ ಮತ್ತೆ ಚಾರ್ಜ್ ಮಾಡುವ ನಿಕಲ್ ಸೆಲ್ ಒಂದಕ್ಕೆ ಸಿಗುವುದು 1.2 ವೋಲ್ಟ್ ಮಾತ್ರ. ನಾಲ್ಕು ಸೇರಿ 4.8. ಪೂರ್ತಿ ಚಾರ್ಜ್ ಆಗಿದ್ದರೂ ಲಾಕ್ ಬ್ಯಾಟರಿ ಕಡಿಮೆ ಎಂದು ದೂರುವುದು ಇದೇ ಕಾರಣಕ್ಕೆ. ಹಳತು ಹೊಸತು ಬೆರೆಸಿ ಹಾಕುವುದಂತೂ ಸಲ್ಲದು. ಒಳ್ಳೆಯ ಸೆಲ್ ಹಾಕಿಯೂ ಬೇಗ ಬರಿದಾಗುತ್ತಿದ್ದರೆ ಮತ್ತೆ ಬಾಗಿಲನ್ನೇ ನೋಡಬೇಕು: ನಾಲಿಗೆ ಉಜ್ಜುವಲ್ಲಿ ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ.

ಹೊಸ ಸೆಲ್ ಹಾಕಿದರೂ ಹೊರಗಿನ ಕೀಪ್ಯಾಡ್ ಕತ್ತಲಾಗಿಯೇ ಇದ್ದರೆ ಅನುಮಾನ ತಂತಿಯ ಮೇಲೆ. ಹೊರಭಾಗ ಮತ್ತು ಒಳಭಾಗವನ್ನು ಜೋಡಿಸುವ ತೆಳುವಾದ ತಂತಿ ಬಾಗಿಲಿನ ರಂಧ್ರದ ಮೂಲಕ ಬರುತ್ತದೆ. ಅದು ತಟ್ಟೆಯ ಕೆಳಗೆ ಸಿಕ್ಕಿ ಜಜ್ಜಿರಬಹುದು, ಕನೆಕ್ಟರ್ ಪೂರ್ತಿ ಒಳಹೋಗಿರದೆ ಇರಬಹುದು. ಹಿಡಿಕೆ ಕೆಳಗಿಳಿದದ್ದು ಮೇಲೇಳುವುದಿಲ್ಲ ಎಂದಾದರೆ ಸ್ಕ್ರೂಗಳನ್ನು ಅತಿಯಾಗಿ ಬಿಗಿದಿರುವ ಸಂಭವ ಹೆಚ್ಚು. ಅರ್ಧ ಸುತ್ತು ಸಡಿಲಿಸಿ ನೋಡಬೇಕು. ಎರಡು ಹಿಡಿಕೆಗಳ ನಡುವಿನ ಚೌಕ ಸರಳು ಬಾಗಿಲಿನ ದಪ್ಪಕ್ಕೆ ತಕ್ಕ ಉದ್ದದ್ದೇ ಆಗಿರಬೇಕು.

ಪೆಟ್ಟಿಗೆಯಿಂದ ತೆಗೆದ ಹೊಸ ಲಾಕ್ ಯಾರ ಬೆರಳಿಟ್ಟರೂ ತೆರೆದುಕೊಳ್ಳುವುದನ್ನು ಕಂಡು ಗಾಬರಿಯಾಗುವವರಿದ್ದಾರೆ. ಅನೇಕ ಮಾದರಿಗಳಲ್ಲಿ ಅದು ದೋಷವಲ್ಲ. ಯಜಮಾನನ ಪಿನ್ ಅಥವಾ ಬೆರಳಚ್ಚು ದಾಖಲಾಗುವವರೆಗೆ ಲಾಕ್ ಎಲ್ಲರಿಗೂ ತೆರೆದಿರುತ್ತದೆ. ಕಂಪನಿಯವರು ಕೈಪಿಡಿಯಲ್ಲಿ ಅಚ್ಚು ಹಾಕಿದ ಪಿನ್ ಎಲ್ಲರಿಗೂ ಗೊತ್ತಿರುವಂಥದ್ದು; ಅದನ್ನು ಅದೇ ದಿನ ಬದಲಿಸಲೇಬೇಕು. ಬಾಡಿಗೆಗೆ ಹಿಡಿದ ಅಥವಾ ಕೈಬದಲಾದ ಫ್ಲ್ಯಾಟಿನಲ್ಲಿ ಲಾಕ್ ಹೊಸ ಮೊಬೈಲಿಗೆ ಸೇರಲು ಒಪ್ಪದಿದ್ದರೆ, ಅದು ಹಿಂದಿನವರ ಖಾತೆಗೆ ಕಟ್ಟಿಕೊಂಡಿರುತ್ತದೆ. ಅವರು ತಮ್ಮ ಆಪ್‌ನಿಂದ ಅದನ್ನು ತೆಗೆದುಹಾಕಬೇಕು.

ಈಗ ಮೊಬೈಲು. ಲಾಕ್‌ನೊಂದಿಗೆ ಮಾತಾಡುವುದು ಸಾಮಾನ್ಯವಾಗಿ ಬ್ಲೂಟೂತ್. ಆದರೆ ಜೋಡಣೆಯನ್ನು ಫೋನಿನ ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ ಮಾಡಬಾರದು, ಆಪ್‌ನ ಒಳಗಿನಿಂದಲೇ ಮಾಡಬೇಕು. ಆಪ್‌ಗೆ ಲಾಕ್ ಕಾಣದಿದ್ದರೆ ಅನುಮತಿಗಳನ್ನು ನೋಡಬೇಕು. ಆಂಡ್ರಾಯ್ಡ್ 11 ಮತ್ತು ಅದಕ್ಕಿಂತ ಹಳೆಯ ಫೋನ್‌ಗಳಲ್ಲಿ ಬ್ಲೂಟೂತ್ ಹುಡುಕಾಟಕ್ಕೆ ಲೊಕೇಶನ್ ಅನುಮತಿ ಬೇಕಿತ್ತು. ಆಂಡ್ರಾಯ್ಡ್ 12ರಿಂದ ಹತ್ತಿರದ ಸಾಧನಗಳಿಗೆಂದು ಬೇರೆಯೇ ಅನುಮತಿ ಬಂದಿದೆ. ಯಾವುದೋ ಹೊತ್ತಿನಲ್ಲಿ ‘ಬೇಡ’ ಎಂದು ಒತ್ತಿದ್ದರೆ ಹುಡುಕಾಟ ಸುತ್ತುತ್ತಲೇ ಇರುತ್ತದೆ.

ವೈಫೈ ಇನ್ನಷ್ಟು ಕಾಡುತ್ತದೆ. ಇಂದಿನ ರೂಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಎರಡರಲ್ಲೂ ಪ್ರಸಾರ ಮಾಡುತ್ತವೆ, ಬಹುಪಾಲು ಲಾಕ್‌ಗಳಿಗೆ ಗೊತ್ತಿರುವುದು 2.4 ಮಾತ್ರ. ಅದು ಗೋಡೆಗಳನ್ನು ದಾಟಿ ಹೆಚ್ಚು ದೂರ ಹೋಗುತ್ತದೆ. ಎರಡಕ್ಕೂ ಒಂದೇ ಹೆಸರಿದ್ದರೆ ಫೋನು 5ರಲ್ಲಿ ನಿಂತು, ಲಾಕ್ 2.4ರಲ್ಲಿ ಕಾದು, ಜೋಡಣೆ ಅರ್ಧಕ್ಕೇ ಮುರಿಯಬಹುದು. ರೂಟರ್ ಸೆಟ್ಟಿಂಗ್ಸ್‌ನಲ್ಲಿ 5 ಗಿಗಾಹರ್ಟ್ಸನ್ನು ಸ್ವಲ್ಪ ಹೊತ್ತು ಆರಿಸಿ, ಜೋಡಣೆ ಮುಗಿದ ಮೇಲೆ ಮತ್ತೆ ಹಚ್ಚುವುದು ಸುಲಭದ ದಾರಿ. ಕೆಲವು ಲಾಕ್‌ಗಳಿಗೆ ನೇರ ವೈಫೈ ಇರುವುದಿಲ್ಲ. ಗೋಡೆಯ ಸಾಕೆಟ್‌ಗೆ ಹಾಕುವ ಗೇಟ್‌ವೇ ನಡುವೆ ದಲ್ಲಾಳಿಯಾಗಿ ನಿಲ್ಲುತ್ತದೆ. ಅದು ಬಾಗಿಲಿನಿಂದ ಕೆಲವೇ ಮೀಟರ್ ದೂರದಲ್ಲಿರಬೇಕು. ಕರೆಂಟ್ ಹೋದರೆ ಗೇಟ್‌ವೇ, ರೂಟರ್ ಎರಡೂ ಆರುತ್ತವೆ, ಆಫೀಸಿನಲ್ಲಿ ಕೂತು ಬಾಗಿಲು ತೆರೆಯಲಾಗದು. ಬೆರಳಚ್ಚು ಮತ್ತು ಪಿನ್‌ಗೆ ಇದರಿಂದ ಬಾಧಕವಿಲ್ಲ, ಅವು ಲಾಕ್‌ನೊಳಗೇ ಉಳಿದಿರುತ್ತವೆ.

ಬೆರಳಚ್ಚಿನ ತೊಂದರೆಯಲ್ಲಿ ಎಲ್ಲಕ್ಕಿಂತ ಹೆಚ್ಚು ನೋಯುವವರು ಮನೆಯ ಹಿರಿಯರು ಮತ್ತು ಕೈಕೆಲಸ ಮಾಡುವವರು. ಸೆನ್ಸರ್ ಓದುವುದು ಚರ್ಮದ ಏರುತಗ್ಗುಗಳನ್ನು. ಪಾತ್ರೆ, ಬಟ್ಟೆಯ ಸೋಪು, ಸಿಮೆಂಟು, ಹೊಲದ ಕೆಲಸ, ವಯಸ್ಸು ಇವೆಲ್ಲ ಆ ಗೆರೆಗಳನ್ನು ಸವೆಸುತ್ತವೆ. ಪಡಿತರ ಅಂಗಡಿಯ ಯಂತ್ರದಲ್ಲಿ ಬೆರಳು ಹೊಂದದೆ ತೊಂದರೆಪಟ್ಟವರಿಗೆ ಇಲ್ಲೂ ಅದೇ ಅನುಭವ ಆಗಬಹುದು. ಒಂದೇ ಬೆರಳನ್ನು ಬೇರೆ ಬೇರೆ ಕೋನದಲ್ಲಿ ಎರಡು ಸಲ ದಾಖಲಿಸುವುದು, ಹೆಬ್ಬೆರಳಿನ ಜತೆ ಮಧ್ಯದ ಬೆರಳನ್ನೂ ಸೇರಿಸುವುದು ನೆರವಾಗುತ್ತದೆ. ಆಗಲೂ ಒಪ್ಪದಿದ್ದರೆ ಅವರನ್ನು ಬಾಗಿಲಲ್ಲಿ ನಿಲ್ಲಿಸಿ ಸತಾಯಿಸುವ ಬದಲು ಕಾರ್ಡು ಕೊಡುವುದೇ ಸರಿ. ಮಕ್ಕಳ ಬೆರಳು ಬೆಳೆಯುವುದರಿಂದ ಆಗಾಗ ಹೊಸದಾಗಿ ದಾಖಲಿಸಬೇಕು.

ಈ ಪರೀಕ್ಷೆಗಳೆಲ್ಲ ಮುಗಿಯುವವರೆಗೆ ತಾನಾಗಿ ಲಾಕ್ ಆಗುವ ಸೌಲಭ್ಯವನ್ನು ಆರಿಸಿಟ್ಟಿರಬೇಕು. ಲಾಕ್‌ನೊಂದಿಗೆ ಬರುವ ಲೋಹದ ಕೀಲಿಯನ್ನೂ ಬಾಗಿಲು ತೆರೆದಿರುವಾಗಲೇ ತಿರುಗಿಸಿ ನೋಡಿ, ಮನೆಯ ಹೊರಗೆ, ನಂಬಿಕೆಯ ನೆರೆಯವರಲ್ಲೋ ನೆಂಟರಲ್ಲೋ ಒಂದನ್ನು ಇಡಬೇಕು. ಸೆಲ್ ಪೂರ್ತಿ ಸತ್ತ ದಿನ ಹೊರತಟ್ಟೆಯ ಅಡಿಯಲ್ಲಿರುವ ಯುಎಸ್‌ಬಿ ಕಿಂಡಿಗೆ ಪವರ್ ಬ್ಯಾಂಕ್ ಸಿಕ್ಕಿಸಿ, ಅಥವಾ ಅಲ್ಲಿನ ಎರಡು ಬಿಂದುಗಳಿಗೆ 9 ವೋಲ್ಟ್ ಬ್ಯಾಟರಿ ಹಿಡಿದು ಪಿನ್ ಒತ್ತಬಹುದು. ಎರಡರಲ್ಲಿ ಯಾವುದಿದೆ ಎಂದು ಲಾಕ್ ಕೂಡಿಸಿದ ದಿನವೇ ನೋಡಿಕೊಂಡಿರಬೇಕು. ಮೋಟಾರಿನ ಸದ್ದು ಕೇಳಿದರೂ ತೆರೆದ ಬಾಗಿಲಲ್ಲಿ ನಾಲಿಗೆ ಅಲುಗದಿದ್ದರೆ, ಅಥವಾ ಸೆಲ್ ಪೆಟ್ಟಿಗೆ ಬಿಸಿಯಾಗುತ್ತಿದ್ದರೆ ಸೆಲ್ ತೆಗೆದಿಟ್ಟು ಕಂಪನಿಯ ತಂತ್ರಜ್ಞರನ್ನು ಕರೆಸಬೇಕು. ಅಂಥ ಲಾಕ್‌ನ ಒಳಗನ್ನು ಮನೆಯಲ್ಲೇ ಬಿಚ್ಚಿದರೆ ವಾರಂಟಿ ಕೈತಪ್ಪಬಹುದು.